ಶೀಳನೆರೆಯ ಸೋದರಮಾವನ ಹಾರ

ಭಾಯಿ ತೀರಿಕೊಂಡರು ಎಂದು ಫೋನಿನಲ್ಲಿ ಯಾರೋ ಹೇಳಿದಾಗ ನಾನು ಅಯ್ಯೋ ಎನ್ನಲಿಲ್ಲ. “ತಾವು ಯಾರು? ಯಾವ ಊರು?” ಎಂದು ಕೇಳಿದೆ. “ಶ್ರೀರಂಗಪಟ್ಣ ಕಣಣ್ಣ. ಅವ್ರ ಅಂಗ್ಡಿ ಪಕ್ಕದ ಸೈಕಲ್ ಶಾಪಿನೋನು” ಎಂಬ ಉತ್ತರ ಬಂತು. ಆಗ ನಂಬಿದೆ. ಆ ಪ್ರಶ್ನೆ ನನ್ನದಲ್ಲ, ಭಾಯಿಯದು. ಅವರ ಸಾವಿನ ಸುದ್ದಿಯನ್ನೇ ಅವರ ಹಾಗೆ ಅನುಮಾನದಿಂದ ಕೇಳಿಸಿಕೊಂಡೆನಲ್ಲ, ಅದಕ್ಕಿಂತ ಒಳ್ಳೆಯ ಶ್ರದ್ಧಾಂಜಲಿ ನನಗೆ ತೋಚುವುದಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ, “ಯಾಕ್ ಬರ್ದೆ? ಯಾರ್ ಕೇಳಿದ್ರು? ಓದೋರು ಯಾವ ಊರೋರು?” ಎಂದು ಎದ್ದು ಬಂದು ಕೇಳಿಯಾರು. ಊರಿಗೆಲ್ಲ ಅವರು ಭಾಯಿ, ಅಷ್ಟು ಸಾಕು.

ಶ್ರೀರಂಗಪಟ್ಟಣದಲ್ಲಿ ಅವರದೊಂದು ಮೈಕ್‌ಸೆಟ್ ಅಂಗಡಿ. ಮದುವೆ, ಕಬಡ್ಡಿ, ಉರುಸು, ಎಲ್ಲಕ್ಕೂ ಹೋಗುತ್ತಿದ್ದರು. ಆದರೆ ಹೆಸರು ಮಾಡಿದ್ದು ಪೌರಾಣಿಕ ನಾಟಕಗಳಲ್ಲಿ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆಯ ಹಳ್ಳಿಗಳಲ್ಲಿ ನಾಟಕವೆಂದರೆ ಪಾತ್ರಧಾರಿಗಳಷ್ಟೇ ಹಾರಗಳೂ ಮುಖ್ಯ. ದುರ್ಯೋಧನ ಗದೆ ಎತ್ತಿ ಹಲ್ಲು ಕಡಿಯುತ್ತಿರುವಾಗಲೇ ಅವನ ಭಾವಮೈದ ಸ್ಟೇಜು ಹತ್ತಿ ಹಾರ ಹಾಕುತ್ತಾನೆ. ದುರ್ಯೋಧನ ಗದೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕೈಮುಗಿದು, ಫೋಟೊಗೆ ನಕ್ಕು, ಆಮೇಲೆ ಮತ್ತೆ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದ ಸಿಟ್ಟಾಗಬೇಕು. ಆ ಹೊತ್ತಿಗೆ ಮೈಕಿನಲ್ಲಿ ಕೇಳಿಬರುತ್ತಿದ್ದದ್ದು ಭಾಯಿಯ ಗಂಟಲು. “ಪಾತ್ರಧಾರಿಗಳ ಭಾವಮೈದುನರಾದ ಇಂಥ ಗ್ರಾಮದ ಇಂಥವರು ಈಗ ಹಾರಾರ್ಪಣೆ ಮಾಡುತ್ತಿದ್ದಾರೆ. ಅವರಿಗೆ ಕಮಿಟಿಯ ವತಿಯಿಂದ ಹೃತ್ಪೂರ್ವಕ ಧನ್ಯವಾದಗಳು.” ಮಾಮೂಲಿಯಾಗಿ ಆಡುವಾಗ ಅರ್ಧ ಉರ್ದು, ಅರ್ಧ ಮಂಡ್ಯ. ಮೈಕಿಗೆ ಉಗುರಿನಿಂದ ಟಕಟಕ ಎನ್ನಿಸಿದರೋ, ಆಕಾಶವಾಣಿ.

ಹಾರ ಹಾಕುವವನ ಊರೂ ನಂಟೂ ತಿಳಿಯದೆ ಅವರು ಬಾಯಿ ಬಿಡುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಒಮ್ಮೆ ಯಾವನೋ ಅಪರಿಚಿತ ಸರಸರ ಬಂದು ಭೀಮನ ಕೊರಳಿಗೆ ಹಾರ ಹಾಕಿ ಇಳಿದು ಹೋದನಂತೆ. ಭೀಮನ ಪಾತ್ರ ತಪ್ಪಿಹೋದವನೊಬ್ಬ ಕಳಿಸಿದ್ದ ಹಾರ ಅದು. ಹೂವಿನ ಸಂದಿಯಲ್ಲೆಲ್ಲ ನಸುಗುನ್ನಿ ಪುಡಿ! ಮೈಗೆ ತಾಗಿದರೆ ಚರ್ಮ ಕಿತ್ತುಬರುವ ಹಾಗೆ ಕೆರೆತ. ಭೀಮ ಗದೆಯಿಂದಲೇ ಬೆನ್ನು ಕೆರೆದುಕೊಳ್ಳುತ್ತ ದುಶ್ಶಾಸನನ ಎದೆ ಬಗೆದನಂತೆ. ಜನ ಅದೂ ಅಭಿನಯವೆಂದುಕೊಂಡು ಚಪ್ಪಾಳೆ ತಟ್ಟಿದರಂತೆ. “ಅನೌನ್ಸ್ ಮಾಡ್ದೋನು ನಾನು. ಅವ್ನಿಗೆ ಧನ್ಯವಾದ ಬೇರೆ ಹೇಳ್ಬುಟ್ಟೆ ನೋಡು” ಎಂದು ಭಾಯಿ ಈ ಕಥೆಯನ್ನು ನಗದೆ ಹೇಳುತ್ತಿದ್ದರು. ಅಲ್ಲಿಂದ ಮುಂದೆ ಯಾವ ಹಾರ ಬಂದರೂ ಮೊದಲು ಒಂದು ಕಡ್ಡಿಯಿಂದ ಎತ್ತಿ, ಮೂಸಿ, ಆಮೇಲೆ ಸ್ಟೇಜಿಗೆ ಬಿಡುತ್ತಿದ್ದರು. ತಮ್ಮ ವೈರುಗಳಿಗೆ ತಾವೇ ಕಂಡುಹಿಡಿದ ಒಂದು ಗಂಟು ಹಾಕುತ್ತಿದ್ದರು, ಯಾರಾದರೂ ಮುಟ್ಟಿದ್ದರೆ ಗೊತ್ತಾಗಲೆಂದು. ಲ್ಯಾಪ್‌ಟಾಪಿನ ಕ್ಯಾಮೆರಾ ಕಣ್ಣಿಗೆ ಕರೀ ಟೇಪು ಅಂಟಿಸಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿದ್ದ ಮಗುವಿನ ಕಣ್ಣಿಗೂ ಯಾಕೆ ಅಂಟಿಸಿಲ್ಲ ಎಂದು ಒಮ್ಮೆ ಕೇಳಿದೆ. ಎದ್ದು ಹೋಗಿ ಕ್ಯಾಲೆಂಡರನ್ನೇ ದಿಟ್ಟಿಸಿ ನೋಡಿದರು.

ಇನ್ನು ನನ್ನ ವಿಷಯ. ನಾನು ಮಿಮಿಕ್ರಿಯವನು. ಯಾರದಾದರೂ ದನಿ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಬಾಯಿಂದಲೇ ಬರುತ್ತದೆ. ದೇವರು ಎಲ್ಲರ ಗಂಟಲನ್ನೂ ನನಗೆ ಕೊಟ್ಟು, ನನ್ನದೊಂದನ್ನು ಮಾತ್ರ ಕೀರಲು ಮಾಡಿದ್ದಾನೆ. ನಾಗಮಂಗಲದ ಒಂದು ಕೊಬ್ಬರಿ ಮಂಡಿಯಲ್ಲಿ ಕೆಲಸ. ಅದೇ ಮಂಡಿಯ ಲಾರಿಗೆ ನಮ್ಮಪ್ಪ ಡ್ರೈವರು, ನಾನು ಹುಟ್ಟುವ ಮೊದಲಿನಿಂದಲೂ. ಸಾಯಂಕಾಲ ಮನೆಗೆ ಬಂದು ಫೋನಿನಲ್ಲಿ ಲೈವ್ ಹೋಗುತ್ತಿದ್ದೆ. ಮುಖ ತೋರಿಸುತ್ತಿರಲಿಲ್ಲ. ಪರದೆಯ ಮೇಲೆ ಬರೀ ಒಂದು ತೆಂಗಿನಕಾಯಿ, ನಾನು ಮಾತಾಡಿದರೆ ಅದು ಬಾಯಿ ತೆಗೆಯುತ್ತಿತ್ತು. ಮುಖ ಮುಚ್ಚಿಕೊಂಡದ್ದಕ್ಕೆ ಕಾರಣ ಸುಲಭ. ನನ್ನ ಲೈವ್‌ನಲ್ಲಿ ಜನ ಬಿದ್ದುಬಿದ್ದು ನಗುತ್ತಿದ್ದದ್ದು ನಮ್ಮ ಯಜಮಾನರ ದನಿಗೆ. ಅವರು ಮಂಡಿಯಲ್ಲಿ ಕೂತು ಆಡುವ ಮಾತು, ಕೆಮ್ಮು, ತೂಕದ ಹೊತ್ತಿಗೆ ಬರುವ ಆಕಳಿಕೆ, ಎಲ್ಲವೂ. ಯಜಮಾನರಿಗೆ ತಮಾಷೆ ಅಂದರೆ ಆಗದು. ಕಾಯಿಯೊಳಗಿರುವವನು ನಾನೆಂದು ಗೊತ್ತಾದರೆ ನನ್ನ ಕೆಲಸ ಹೋಗುವುದು ದೊಡ್ಡದಲ್ಲ, ಅಪ್ಪನ ಸ್ಟೇರಿಂಗ್ ಹೋಗುತ್ತದೆ. ಆ ವಯಸ್ಸಿನಲ್ಲಿ ಬೇರೆ ಲಾರಿ ಕೊಡುವವರಿರಲಿಲ್ಲ. (ಈಗ ಬರೆಯಬಹುದೇ ಎಂದರೆ, ಯಜಮಾನರು ಕೊಬ್ಬರಿ ರೇಟು ಬಿಟ್ಟು ಬೇರೇನೂ ಓದುವುದಿಲ್ಲ. ಊರುಕೇರಿಗಳನ್ನು ನಾನು ಸ್ವಲ್ಪ ಕಲಸಿಯೂ ಇದ್ದೇನೆ.)

ತೊಂದರೆ ಬಂದದ್ದು ಅಲರ್ಟಿನಿಂದ. ಲೈವ್ ನಡೆಯುವಾಗ ಯಾರಾದರೂ ಹೊಸದಾಗಿ ಚಾನೆಲ್ ಸೇರಿದರೆ ಪರದೆಯ ಮೇಲೆ ಒಂದು ಸೂಚನೆ ಬರುತ್ತದಲ್ಲ, ಅದು. ನಾನು ಹಾಕಿಕೊಂಡಿದ್ದ ಬಿಟ್ಟಿ ಅಲರ್ಟಿನಲ್ಲಿ ಒಂದು ಬೆಕ್ಕು ಬಂದು ಪೀಪಿ ಊದಿ ಇಂಗ್ಲಿಷಿನಲ್ಲಿ ಏನೋ ಬರೆದು ಹೋಗುತ್ತಿತ್ತು. ಯಜಮಾನರ ಕೆಮ್ಮು ಶುರುವಾಗಿ ಇನ್ನೇನು ಜನ ನಗಬೇಕು, ಅಷ್ಟರಲ್ಲಿ ಪೀಪಿ. ನಾಟಕದವರಿಗೆ ಲೈವ್ ಮಾಡಿಕೊಡುವ ಭಾಯಿ ಇಂಥದ್ದನ್ನೆಲ್ಲ ನಮಗೆ ಬೇಕಾದ ಹಾಗೆ ಮಾಡಿಕೊಡುತ್ತಾರೆ ಎಂದು ಯಾರೋ ಹೇಳಿದರು. ಹೋದೆ.

“ಯಾವ ಊರು?”

“ದೇವಲಾಪುರ” ಎಂದೆ. ಅದು ನನ್ನ ತಾಯಿಯ ತವರು. ಪೂರ್ತಿ ಸುಳ್ಳಲ್ಲ.

ಭಾಯಿ ಕನ್ನಡಕ ಹಣೆಗೆ ಏರಿಸಿ ನನ್ನ ಮುಖ ಬಿಟ್ಟು ಪಕ್ಕಕ್ಕೆ ನೋಡಿದರು. “ದೇವಲಾಪುರ... ಹೂಂ. ಈ ಕಿವಿ ದೇವಲಾಪುರದ್ದಲ್ವಲ್ಲ ಬೇಟಾ. ಈ ಕಿವಿ ನಾನೆಲ್ಲೋ ನೋಡಿವ್ನಿ.”

“ಕಿವಿ ಎಲ್ರಿಗೂ ಇರ್ತದಲ್ಲ ಭಾಯಿ.”

“ಇರ್ತದೆ. ಆದ್ರೆ ಹಿಂಗೆ ಬಾಗ್ಲು ತೆಗ್ದಂಗೆ ಇರಲ್ಲ.”

ನನ್ನ ಕಾಯಿಯನ್ನು ತೋರಿಸಿದೆ. ಮುಖವಿಲ್ಲದವನನ್ನು ನಂಬುವುದು ಹೇಗೆಂದು ಬಹಳ ಹೊತ್ತು ಗೊಣಗಿದರು. ಅವರು ಈ ವಿದ್ಯೆ ಕಲಿತದ್ದೂ ವಿಡಿಯೊಗಳನ್ನು ನೋಡಿಯೇ. ಹೇಳಿಕೊಡುವವನ ಮುಖ ಕಾಣದ ವಿಡಿಯೊವನ್ನು ಮಾತ್ರ ಮುಚ್ಚಿಬಿಡುತ್ತಿದ್ದರಂತೆ. “ಬೆಕ್ಕು ಯಾರ್ದು?” ಎಂದರು. ಯಾರದೂ ಅಲ್ಲ, ಅದರ ಜೊತೆಗೇ ಬಂದದ್ದು ಎಂದೆ. “ಯಾರ್ದೂ ಅಲ್ದ ಬೆಕ್ಕು ನಿನ್ ಮನೇಗ್ ಬಂದು ಪೀಪಿ ಊದ್ತದೆ, ನೀನು ಸುಮ್ಕಿದ್ದೀಯಲ್ಲ!”

ಬೆಕ್ಕು ಹೋಯಿತು. ಅದರ ಜಾಗಕ್ಕೆ ಭಾಯಿ ಹಾರ ತಂದರು. ಹಳೆಯ ನಾಟಕದ ವಿಡಿಯೊದಿಂದ ಒಂದು ಸುಗಂಧರಾಜದ ಹಾರ ಕತ್ತರಿಸಿ, ಅದು ಮೇಲಿನಿಂದ ಇಳಿದು ಕಾಯಿಯ ಕೊರಳಿಗೆ ಬೀಳುವಂತೆ ಮಾಡಿದರು. ಕಾಯಿಗೆ ಕೊರಳೆಲ್ಲಿದೆ ಎಂದು ನಾನು ಕೇಳಿದ್ದಕ್ಕೆ, ನಿನಗೆ ಮುಖ ಎಲ್ಲಿದೆ ಎಂದರು. ಹಾರದ ಕೆಳಗೆ ಸೇರಿದವರ ಹೆಸರು. ಆಮೇಲೆ ಮೈಕಿಗೆ ಟಕಟಕ. “ಕಲಾವಿದರಿಗೆ ಹಾರಾರ್ಪಣೆ ಮಾಡಿದ ಅಭಿಮಾನಿಗಳಿಗೆ ಹೃತ್ಪೂರ್ವಕ ಧನ್ಯವಾದಗಳು.” ತಮ್ಮ ದನಿಯನ್ನೇ ತುಂಬಿದರು. ಹಾರ ಎಷ್ಟು ಹೊತ್ತು ನಿಲ್ಲಬೇಕು, ದನಿ ಎಷ್ಟು ಏರಬೇಕು, ಇಬ್ಬರು ಒಟ್ಟಿಗೆ ಬಂದರೆ ಯಾರದು ಮೊದಲು, ಎಲ್ಲವನ್ನೂ ಒಂದು ಪುಟದಲ್ಲಿ ಜೋಡಿಸಿ, ಆ ಪುಟದ ಪಾಸ್‌ವರ್ಡ್ ನನಗೂ ಕೊಟ್ಟರು. ಅದರಲ್ಲೊಂದು ಪರೀಕ್ಷೆಯ ಗುಂಡಿ. ಒತ್ತಿದರೆ ಯಾರೂ ಸೇರದಿದ್ದರೂ ಹಾರ ಬೀಳುತ್ತದೆ. “ಇದ್ನ ಸುಮ್ ಸುಮ್ಕೆ ಒತ್ಬಾರ್ದು. ಸುಳ್ಳು ಹಾರ ಆಯ್ತದೆ” ಎಂದು ಎಚ್ಚರಿಸಿದರು. ಹೊರಡುವಾಗ ಇನ್ನೊಂದು ಮಾತು. “ಎಲ್ರ ದನೀನೂ ಮಾಡು. ನಂದು ಮಾಡ್ಬೇಡ. ಹಾರ ಯಾವ್ದು ತಮಾಷೆ ಯಾವ್ದು ಜನಕ್ಕೆ ಗೊತ್ತಾಗಲ್ಲ.”

ಹಾರ ಬಂದ ಮೇಲೆ ಕಾಯಿಗೆ ಒಂದು ಕಳೆ ಬಂತು. ಜನ ಹಾರಕ್ಕಾಗಿಯೇ ಸೇರತೊಡಗಿದರು. ನಾನೂ ದುರ್ಯೋಧನನ ಹಾಗೆ ಮಧ್ಯೆ ಮಾತು ನಿಲ್ಲಿಸಿ, ಕಾಯಿಯನ್ನು ಬಗ್ಗಿಸಿ ನಮಸ್ಕಾರ ಮಾಡಿಸುತ್ತಿದ್ದೆ.

ಕೆಲವು ವಾರ ಕಳೆದಿರಬೇಕು, ಒಂದು ಬೇರೆ ಥರದ ಹಾರ ಬಿತ್ತು. “ಕಲಾವಿದರ ಸೋದರಮಾವಂದಿರಾದ ಶೀಳನೆರೆ ಗ್ರಾಮದ ಪಟೇಲರು ಈಗ ಹಾರಾರ್ಪಣೆ ಮಾಡುತ್ತಿದ್ದಾರೆ...” ನನಗೆ ಕೆ.ಆರ್.ಪೇಟೆ ಕಡೆಯ ಶೀಳನೆರೆಯಲ್ಲಿ ಮಾವನಿರಲಿ, ಪರಿಚಯದ ನಾಯಿಯೂ ಇಲ್ಲ. ಲೈವ್ ಮುಗಿದ ಮೇಲೆ ಸೇರಿದವರನ್ನೆಲ್ಲ ಹುಡುಕಿದೆ. ಅಂಥವರು ಯಾರೂ ಸೇರಿರಲಿಲ್ಲ. ಅಂದರೆ ಅದು ಸುಳ್ಳು ಹಾರ. ಭಾಯಿಯದೇ ದನಿಯನ್ನು ಹೊಸದಾಗಿ ತುಂಬಿ, ಪರೀಕ್ಷೆಯ ಗುಂಡಿ ಒತ್ತಿ ಹಾಕಿದ್ದು. ಪಾಸ್‌ವರ್ಡ್ ಇದ್ದದ್ದು ನನ್ನ ಹತ್ತಿರ, ಮತ್ತು ಸುಳ್ಳು ಹಾರ ಹಾಕಬಾರದೆಂದು ಉಪದೇಶ ಮಾಡಿದವರ ಹತ್ತಿರ.

ಮಾವ ಪದೇ ಪದೇ ಬರತೊಡಗಿದ. ಆಗಾಗ ಪಾಂಡವಪುರದ ಅತ್ತೆಯೂ ಬಂದಳು. ಬಂದದ್ದೆಲ್ಲ ನಾನು ಯಜಮಾನರ ದನಿಯಲ್ಲಿ ಮುಳುಗಿರುವಾಗಲೇ. ನನ್ನ ಮಾತು ಯಾರಿಗೂ ಕೇಳದಂತೆ ಹಾರ ಅರಚುತ್ತಿತ್ತು. ನನ್ನ ನಿದ್ದೆ ಕೆಟ್ಟಿತು. ಈ ಮನುಷ್ಯನಿಗೂ ನಮ್ಮ ಯಜಮಾನರಿಗೂ ಏನಾದರೂ ಇದೆಯೇ? ನನ್ನ ಕಿವಿಯನ್ನು ಯಾರಿಗಾದರೂ ವರ್ಣಿಸಿದರೇ? ಫೋನ್ ಮಾಡಿ ಕೇಳಿದೆ.

“ಭಾಯಿ, ಶೀಳನೆರೆ ಮಾವ ಯಾರು?”

“ನಿನ್ ಮಾವ ಯಾರಂತ ನನ್ನ ಕೇಳ್ತೀಯಲ್ಲ. ಹೋಗಿ ನಿಮ್ಮವ್ವನ್ ಕೇಳು.”

“ಸುಳ್ಳು ಹಾರ ಅದು.”

“ಅಂಗಾ? ನೀನೂ ದೇವಲಾಪುರ ಅಂದಿದ್ದೆ.” ಫೋನ್ ಕಟ್.

ಪಾಸ್‌ವರ್ಡ್ ಬದಲಾಯಿಸಬಹುದಿತ್ತು. ಬದಲಾಯಿಸಿದರೆ ಸಿಟ್ಟಿಗೆದ್ದು ನನ್ನ ಗುಟ್ಟು ಬಿಚ್ಚಿಬಿಟ್ಟರೆ ಎಂಬ ಭಯ. ಅನುಮಾನ ಅವರಿಂದ ನನಗೆ ಅಂಟಿತ್ತು, ನಸುಗುನ್ನಿಯ ಹಾಗೆ.

ಒಂದು ಮಧ್ಯಾಹ್ನ ಯಜಮಾನರು ಹಮಾಲಿಗಳನ್ನೂ ಅಪ್ಪನನ್ನೂ ನನ್ನನ್ನೂ ತಕ್ಕಡಿಯ ಹತ್ತಿರ ಕರೆದು ಸಾಲಾಗಿ ನಿಲ್ಲಿಸಿದರು. ಕೈಯಲ್ಲಿ ಫೋನು. ಯಾರೋ ಪುಣ್ಯಾತ್ಮ ನನ್ನ ಲೈವ್‌ನ ಒಂದು ತುಣುಕು ಕಳಿಸಿ, ಇದು ನಿಮ್ಮದೇ ದನಿ ಎಂದಿದ್ದ.

“ಕೇಳ್ರಲಾ ಇದ್ನ. ಇದು ನಾನಾ?”

ತೆಂಗಿನಕಾಯಿ ಯಜಮಾನರ ದನಿಯಲ್ಲಿ ಕೆಮ್ಮಿತು. ಹಮಾಲಿಗಳು ನೆಲ ನೋಡಿದರು. ತಮ್ಮ ದನಿ ಹೇಗಿರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ, ನಮ್ಮಂಥವರು ಬದುಕಿರುವುದು ಅದರಿಂದಲೇ. ಆದರೆ ಕಾಯಿ ಮುಂದುವರಿದು ತಕ್ಕಡಿ ಮೇಲೆ ಮಲಗುವ ನಾಯಿಯ ಮಾತೆತ್ತಿತು. ಆ ನಾಯಿ ಆಗಲೂ ತಕ್ಕಡಿ ಮೇಲೆಯೇ ಮಲಗಿತ್ತು. ಯಜಮಾನರು ನಾಯಿಯನ್ನು ನೋಡಿದರು, ಆಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. ನನ್ನ ಮೇಲೆ ಕಣ್ಣು ನಿಂತಿತು.

“ಒಳಗಿನ್ ಹೈದನೇ ಕಣ್ಲಾ ಇವ್ನು. ನಮ್ ಮಂಡೀಲೇ ಉಂಡು...”

ಅಷ್ಟರಲ್ಲಿ ಫೋನಿನಿಂದ ಆಕಾಶವಾಣಿ. “ಕಲಾವಿದರ ಸೋದರಮಾವಂದಿರಾದ ಶೀಳನೆರೆ ಗ್ರಾಮದ ಪಟೇಲರು...”

ಯಜಮಾನರ ಹುಬ್ಬು ಇಳಿಯಿತು. “ಶೀಳನೆರೇಲಿ ಸೋದರ್ಮಾವ?” ಅಪ್ಪನ ಕಡೆ ತಿರುಗಿದರು. “ನಿನ್ ಹೆಂಡ್ತಿ ತವರು ಯಾವ್ದಲಾ?”

“ದೇವಲಾಪುರ ಯಜಮಾನ್ರೆ” ಎಂದ ಅಪ್ಪ, ತನ್ನ ಚಪ್ಪಲಿ ನೋಡುತ್ತ.

ಹಮಾಲಿಗಳನ್ನೂ ಕೇಳಿದರು. ಒಬ್ಬರ ತಾಯಿಯೂ ಶೀಳನೆರೆಯವಳಲ್ಲ. “ಥೂ, ಇವ್ನು ಕೆ.ಆರ್.ಪೇಟೆ ಕಡೆ ಮುಂಡೇದು. ಅಲ್ಲೂ ತಕ್ಕಡಿ ಮ್ಯಾಲೆ ನಾಯಿ ಮಲಗ್ತದೆ ಅಂತ ಕಾಣ್ತದೆ. ಹೋಗ್ರಲಾ, ಕೆಲ್ಸ ನೋಡೋಗಿ.”

ಆ ಸಾಯಂಕಾಲ ಹಳೆಯ ಲೈವ್‌ಗಳನ್ನೆಲ್ಲ ಹಾಕಿಕೊಂಡು ಕೂತೆ. ಮಾವನ ಹಾರ ಬಿದ್ದ ಕಡೆಯಲ್ಲೆಲ್ಲ ನಿಲ್ಲಿಸಿ, ಕಿವಿಗೆ ಫೋನ್ ಒತ್ತಿ, ಅದರ ಅಡಿಯಲ್ಲಿ ಮುಳುಗಿಹೋದ ನನ್ನ ಮಾತನ್ನು ಹೆಕ್ಕಿದೆ. ಒಂದು ಕಡೆ, “ನಮ್ಮಪ್ಪ ರಿವರ್ಸ್ ತಗಂಡಂಗೆ” ಎಂದಿದ್ದೆ. ಇನ್ನೊಂದು ಕಡೆ ಮಂಡಿಯ ಲಾರಿಯ ಹೆಸರನ್ನೇ ಹೇಳಿದ್ದೆ. ಮತ್ತೊಂದು ಕಡೆ ನಗು ತಡೆಯಲಾಗದೆ ನನ್ನ ಸ್ವಂತ ಕೀರಲು ದನಿ ಹೊರಬಂದಿತ್ತು. ನಾನು ಬಾಯಿ ಜಾರಿದಾಗಲೆಲ್ಲ ಮಾವ ಬಂದಿದ್ದ. ಬರುವಾಗ ನನಗೊಂದು ಸುಳ್ಳು ಊರನ್ನೂ, ಸುಳ್ಳು ನೆಂಟರನ್ನೂ ತಂದಿದ್ದ.

ಮಾರನೆಯ ದಿನವೇ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಭಾಯಿ ತುತ್ತೂರಿ ಮೈಕೊಂದನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದರು.

“ಭಾಯಿ, ಎಲ್ಲಾ ಗೊತ್ತಾಯ್ತು.”

“ಏನ್ ಗೊತ್ತಾಯ್ತು? ಯಾರ್ ಹೇಳಿದ್ರು? ಅವ್ನು ಯಾವ ಊರೋನು?”

“ಮಾವನ್ನ ಕಳಿಸ್ತಿದ್ದೋರು ನೀವೇ.”

“ನಾನಲ್ಲ. ಕಂಪ್ಯೂಟ್ರು ಮಾಡಿರ್ತದೆ. ಅದ್ನ ನಂಬಾಕಾಯ್ತದಾ?” ಎಂದು ಒರೆಸುವುದನ್ನು ಮುಂದುವರಿಸಿದರು. ಆಮೇಲೆ ಮೈಕಿಗೇ ಹೇಳುವವರಂತೆ ಹೇಳಿದರು. “ಸ್ಟೇಜ್ ಮ್ಯಾಲೆ ಕೃಷ್ಣ ಮಾತು ಮರ್ತು ನಿಂತ್ಕಂಡ ಅನ್ಕೋ. ಜನ ನಗಾಕ್ ಮುಂಚೆ ನಾನು ಮೈಕ್ ತಗೀತಿದ್ದೆ. ಯಾರೂ ಇಲ್ದಿದ್ರೂ, ಬತ್ತಾವ್ರೆ ಬತ್ತಾವ್ರೆ, ಕೃಷ್ಣನ ಪಾತ್ರಧಾರಿಗೆ ಹಾರ ಹಾಕೋರು ಸ್ಟೇಜಿಗೆ ಬತ್ತಾವ್ರೆ ಅಂತಿದ್ದೆ. ಜನ ಅಕ್ಕಡೆ ಇಕ್ಕಡೆ ತಿರುಗಿ ನೋಡೋ ಹೊತ್ಗೆ ಅವ್ನ್ಗೆ ಮಾತು ನೆಪ್ಪಾಗೋದು.” ತಲೆ ಎತ್ತಿ ನನ್ನ ಕಿವಿ ನೋಡಿದರು. “ಆ ಹಾರಕ್ಕೆ ಮಾತ್ರ ಯಾವ ಊರು ಅಂತ ನಾನು ಕೇಳ್ತಿರ್ಲಿಲ್ಲ.”

ನಾನು ಕಾಲಿಗೆ ಬೀಳಲು ಬಗ್ಗಿದೆ. ಏನನ್ನೋ ಕದಿಯಲು ಬಗ್ಗಿದೆನೆಂದುಕೊಂಡು ವೈರುಗಳನ್ನು ಹತ್ತಿರ ಎಳೆದುಕೊಂಡರು.

ಆಮೇಲೆ ಭಾಯಿ ಹೆಚ್ಚು ದಿನ ಇರಲಿಲ್ಲ. ಮಣ್ಣಿಗೆ ಹೋಗಿದ್ದೆ. ಕಿರೀಟವಿಲ್ಲದ ದುರ್ಯೋಧನರು, ಮೀಸೆ ಕಿತ್ತಿಟ್ಟ ಭೀಮರು, ನಾಲ್ಕು ತಾಲ್ಲೂಕಿನ ಪಾತ್ರಧಾರಿಗಳು ತಲೆಗೆ ಟವಲ್ ಸುತ್ತಿಕೊಂಡು ನಿಂತಿದ್ದರು. ಅಷ್ಟು ಜನರ ಹೆಸರನ್ನು ಕೂಗಿದ ಮನುಷ್ಯನಿಗಾಗಿ ಅಲ್ಲಿ ಮೈಕು ಇರಲಿಲ್ಲ. ಲಾರಿ ನಿಲ್ಲಿಸಿ ಅಪ್ಪನೂ ಬಂದಿದ್ದ. ನಿನಗೆ ಹೇಗೆ ಪರಿಚಯ ಎಂದೆ. “ಮೈಸೂರ್ ಲೋಡಿಗೆ ಹೋಗೋವಾಗ ಟೀ ಕುಡೀತಿದ್ವಿ” ಎಂದ. ಅಷ್ಟೇ.

ಒಂದು ವಾರ ಬಿಟ್ಟು ಲೈವ್ ಹೋದೆ. ಭಾಯಿಯ ದನಿ ಮಾಡಬಾರದೆಂಬ ಮಾತಿತ್ತು, ಮಾಡಲಿಲ್ಲ. ಯಜಮಾನರ ದನಿಯಲ್ಲಿ ಭಾಯಿಯ ಕಥೆ ಹೇಳತೊಡಗಿದೆ. ಭೀಮ ಬೆನ್ನು ಕೆರೆದುಕೊಂಡದ್ದು, ಕ್ಯಾಲೆಂಡರಿನ ಮಗು, ಎಲ್ಲ. ಜನ ನಗುತ್ತಿದ್ದರು. ಎಲ್ಲಿಯೋ ಮಧ್ಯದಲ್ಲಿ ಯಜಮಾನರು ನನ್ನ ಗಂಟಲಿನಿಂದ ಇಳಿದು ಹೋದರು. ಉಳಿದದ್ದು ನನ್ನ ಕೀರಲು ದನಿ, ಅದೂ ಒಡೆದುಹೋಗಿ. ನಾಗಮಂಗಲದಲ್ಲಿ ಯಾರು ಕೇಳಿದರೂ ಗುರುತು ಹಿಡಿಯುವಂಥದ್ದು. ನಿಲ್ಲಿಸಲು ಹೋದೆ, ನಿಲ್ಲಲಿಲ್ಲ. ತೆಂಗಿನಕಾಯಿ ಬಾಯಿ ತೆರೆದುಕೊಂಡು ನನ್ನ ಅಳುವನ್ನು ಊರಿಗೆಲ್ಲ ಹಂಚುತ್ತಿತ್ತು.

ಆಗ ಹಾರ ಬಿತ್ತು.

“ಕಲಾವಿದರ ಸೋದರಮಾವಂದಿರಾದ ಶೀಳನೆರೆ ಗ್ರಾಮದ ಪಟೇಲರು ಈಗ ಹಾರಾರ್ಪಣೆ ಮಾಡುತ್ತಿದ್ದಾರೆ...” ಮಣ್ಣಲ್ಲಿ ಮಲಗಿರುವವರ ದನಿ. ಮುಗಿಯುತ್ತಿದ್ದಂತೆ ಮತ್ತೆ ಅದೇ ಮಾವ, ಮತ್ತೆ ಅದೇ ಹಾರ. ಎಡವಟ್ಟಾಗಿ ಯಾರೋ ಗುಂಡಿಯನ್ನು ಬಿಡದೆ ಒತ್ತುತ್ತಿದ್ದ ಹಾಗೆ. ಪಾಸ್‌ವರ್ಡ್ ಇನ್ನು ಯಾರ ಹತ್ತಿರ ಇದೆ? ಆ ಜನ್ಮಾನುಮಾನಿ ಯಾರನ್ನು ನಂಬಿ ಕೊಟ್ಟಿರಲು ಸಾಧ್ಯ?

ಕಿಟಕಿಯಿಂದ ಆಚೆ ನೋಡಿದೆ. ಜಗಲಿಯ ಮೇಲೆ ಅಪ್ಪ ಕೂತಿದ್ದ. ಕನ್ನಡಕ ಮೂಗಿನ ತುದಿಯಲ್ಲಿ, ಫೋನು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದ ಹಾಗೆ, ಸಂಜೆ ಬಿಸಿಲಿಗೆ ಕಿವಿಗಳೆರಡೂ ಬಾಗಿಲು ತೆಗೆದುಕೊಂಡು ಕೆಂಪಗೆ. ತಲೆ ಎತ್ತಲಿಲ್ಲ. ಹೆಬ್ಬೆಟ್ಟನ್ನು ಗುಂಡಿಯ ಮೇಲೆ ಎತ್ತಿ ಹಿಡಿದೇ ಮೆಲ್ಲಗೆ ಕೇಳಿದ.

“ಸಾಕೇನ್ಲಾ? ಇನ್ನೊಂದ್ ಹಾಕ್ಲಾ?”